ಅಮೆರಿಕದ ಹ್ಯಾಷ್‌ಟ್ಯಾಗ್ ಜಗಳ: ಎರಡೂ ಕಡೆಯ ಫೀಡ್ ಓದುವುದು ಹೇಗೆ?

ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ವರ್ಣೀಯರೊಬ್ಬರು ಸತ್ತ ಸುದ್ದಿ ಬಂದರೆ ಸಾಕು, ಒಂದೆರಡು ಗಂಟೆಯಲ್ಲಿ ಫೋನ್ ತುಂಬಿಹೋಗುತ್ತದೆ. ಅರ್ಧ ನಿಮಿಷದ ವಿಡಿಯೊ, ಅದಕ್ಕೊಂದು ಹ್ಯಾಷ್‌ಟ್ಯಾಗ್, ಆ ಹ್ಯಾಷ್‌ಟ್ಯಾಗಿಗೆ ಉತ್ತರವಾಗಿ ಇನ್ನೊಂದು. ಸತ್ತವನ ಹಳೇ ಫೋಟೊ. ಅವನ ಮೇಲಿದ್ದ ಹಳೇ ಕೇಸು. ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ.

ನಾನು ಸುದ್ದಿಮನೆಯೊಂದರಲ್ಲಿ ವಿದೇಶ ಪುಟ ನೋಡುವವಳು. ಅಮೆರಿಕದ ಹಗಲು ನನಗೆ ರಾತ್ರಿ ಪಾಳಿ. ಡೆಸ್ಕಿಗೆ ಹೊಸದಾಗಿ ಬಂದವರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಫಾರ್ವರ್ಡ್ ಒತ್ತುವ ಮೊದಲು ಸ್ವಲ್ಪ ಹೊತ್ತು ಕೊಡಲು ತಯಾರಿರುವ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' (ಕಪ್ಪು ಜನರ ಜೀವಕ್ಕೂ ಬೆಲೆಯಿದೆ) ಅನ್ನುವ ಚಳವಳಿ ಬೇರೆ, ಅದರ ವಿರೋಧ ಬೇರೆ ಅಂತ ತಲೆಯಲ್ಲಿ ಎರಡು ಫೈಲ್ ಮಾಡಿಕೊಳ್ಳಬೇಡಿ. ಸೋಷಿಯಲ್ ಮೀಡಿಯಾದಲ್ಲಿ ಇವೆರಡೂ ಒಂದಕ್ಕೊಂದು ಉತ್ತರ ಕೊಡುತ್ತಲೇ ಬೆಳೆದಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಫೋನಿನಲ್ಲಿ ಒಬ್ಬರ ಮಾತು ಮಾತ್ರ ಕೇಳಿಸಿಕೊಂಡ ಹಾಗೆ. ಹಾಗಂತ ಎರಡೂ ಕಡೆ ಸಮ ಅಂತ ನಾನು ಹೇಳುತ್ತಿಲ್ಲ, ನನಗೆ ಹಾಗೆ ಅನ್ನಿಸುವುದೂ ಇಲ್ಲ. ಓದುವ ಕೆಲಸ ಮಾತ್ರ ಎರಡೂ ಕಡೆಯದು.

ಎರಡು ಟ್ಯಾಬ್, ಒಂದು ಗಡಿಯಾರ

ಒಂದು ಟ್ಯಾಬಿನಲ್ಲಿ ಚಳವಳಿಯ ಹ್ಯಾಷ್‌ಟ್ಯಾಗ್ ಹಾಕಿ, ಇನ್ನೊಂದರಲ್ಲಿ ಎದುರಿನದು. 'ಟಾಪ್' ಬಿಟ್ಟು 'ಲೇಟೆಸ್ಟ್' ಒತ್ತಿ. ಟಾಪ್‌ನಲ್ಲಿ ಮೇಲೆ ಕೂತಿರುವುದು ನಿಮ್ಮನ್ನು ಇನ್ನಷ್ಟು ಹೊತ್ತು ಕೂರಿಸುತ್ತದೆ ಅಂತ ಕಂಪನಿಯ ಲೆಕ್ಕಾಚಾರಕ್ಕೆ ಅನ್ನಿಸಿದ ಪೋಸ್ಟ್, ಅಷ್ಟೇ.

ಇದರ ಪರಿಣಾಮ ಮೊದಲು ಎದ್ದು ಕಂಡದ್ದು 2014ರಲ್ಲಿ. ಆಗಸ್ಟ್ 9ರಂದು ಮಿಸೌರಿ ರಾಜ್ಯದ ಫರ್ಗುಸನ್‌ನಲ್ಲಿ 18 ವರ್ಷದ ಮೈಕಲ್ ಬ್ರೌನ್ ಪೊಲೀಸ್ ಗುಂಡಿಗೆ ಬಲಿಯಾದ. ಆ ರಾತ್ರಿಗಳಲ್ಲಿ ಟ್ವಿಟರ್ ತುಂಬಾ ಅಶ್ರುವಾಯು ಇತ್ತು. ಫೇಸ್‌ಬುಕ್ ತುಂಬಾ, ಆಗ ಓಡುತ್ತಿದ್ದ 'ಐಸ್ ಬಕೆಟ್' ಸವಾಲಿಗಾಗಿ ತಲೆ ಮೇಲೆ ಐಸ್ ನೀರು ಸುರಿದುಕೊಳ್ಳುವವರಿದ್ದರು. ಸಮಾಜಶಾಸ್ತ್ರಜ್ಞೆ ಝೆಯ್ನೆಪ್ ತುಫೆಕ್ಚಿ ಆಗಲೇ ಇದನ್ನು ಗುರುತಿಸಿ ಬರೆದರು. ಟ್ವಿಟರ್ ಆಗ ಪೋಸ್ಟ್ ಬಂದ ಕ್ರಮದಲ್ಲೇ ತೋರಿಸುತ್ತಿತ್ತು, ಫೇಸ್‌ಬುಕ್ ಆರಿಸಿ ತೋರಿಸುತ್ತಿತ್ತು. ಈಗ ಹೆಚ್ಚುಕಡಿಮೆ ಎಲ್ಲವೂ ಆರಿಸಿಯೇ ತೋರಿಸುತ್ತವೆ.

ಗಡಿಯಾರದ ವಿಷಯ. ಪೋಸ್ಟಿನ ಮೇಲೆ ಕಾಣುವ ಸಮಯ ನೋಡುವವರ ಫೋನಿನದು, ಘಟನೆ ನಡೆದ ಊರಿನದಲ್ಲ. ಮಿನಿಯಾಪೊಲಿಸ್ ಬೇಸಿಗೆಯಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಪೊಲೀಸರ ಕೈಯಲ್ಲಿ ಸತ್ತ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್‌ನನ್ನು ಅಲ್ಲಿನ ಪೊಲೀಸರು ಹಿಡಿದದ್ದು 2020ರ ಮೇ 25ರ ರಾತ್ರಿ 8 ದಾಟಿದ ಮೇಲೆ. ನಮ್ಮ ಗಡಿಯಾರದಲ್ಲಿ ಅದು 26ರ ಬೆಳಗ್ಗೆ ಆರೂವರೆ ದಾಟಿದ ಹೊತ್ತು. "ಘಟನೆಗೆ ಮೊದಲೇ ಪೋಸ್ಟ್ ಬಂದಿದೆ, ಎಲ್ಲ ಪ್ಲ್ಯಾನ್ ಮಾಡಿದ್ದು" ಅನ್ನುವ ಸ್ಕ್ರೀನ್‌ಶಾಟ್ ಬಂದರೆ, ಅದು ಯಾವ ಊರಿನ ಫೋನು ಅಂತ ಮೊದಲು ಕೇಳಿ. ಲಾಸ್ ಏಂಜಲೀಸ್‌ನ ಫೋನು ಮಿನಿಯಾಪೊಲಿಸ್‌ಗಿಂತ ಎರಡು ಗಂಟೆ ಹಿಂದಿರುತ್ತದೆ. ಪಿತೂರಿಯ ಎಷ್ಟೋ ಕತೆಗಳು ಈ ಒಂದು ಪ್ರಶ್ನೆಗೇ ಸುಮ್ಮನಾಗುತ್ತವೆ.

ಹ್ಯಾಷ್‌ಟ್ಯಾಗಿನ ಜಾತಕ

ಎಷ್ಟು ಜನ ಬಳಸಿದರು ಅನ್ನುವುದಕ್ಕಿಂತ ಯಾವಾಗ, ಯಾವುದರ ನಂತರ ಬಳಸಿದರು ಅನ್ನುವುದನ್ನು ಹುಡುಕಿ. ಎಕ್ಸ್‌ನ (ಟ್ವಿಟರ್‌ನ ಈಗಿನ ಹೆಸರು) ಅಡ್ವಾನ್ಸ್ಡ್ ಸರ್ಚ್‌ನಲ್ಲಿ ತಾರೀಕು ಹಾಕುವ ಜಾಗವಿದೆ. ಘಟನೆಯ ಹಿಂದಿನ ದಿನದಿಂದ ಶುರುಮಾಡಿ.

2012ರ ಫೆಬ್ರುವರಿಯಲ್ಲಿ ಫ್ಲಾರಿಡಾದಲ್ಲಿ 17 ವರ್ಷದ ಟ್ರೇವಾನ್ ಮಾರ್ಟಿನ್‌ನನ್ನು ಗುಂಡಿಟ್ಟು ಕೊಂದವನು 2013ರ ಜುಲೈನಲ್ಲಿ ಖುಲಾಸೆಯಾದ. ಆ ತೀರ್ಪಿನ ಬೇಸರದಲ್ಲಿ ಅಲೀಶಿಯಾ ಗಾರ್ಜಾ ಫೇಸ್‌ಬುಕ್‌ನಲ್ಲಿ ಬರೆದರು, ಪ್ಯಾಟ್ರೀಸ್ ಕಲರ್ಸ್ ಅದಕ್ಕೆ #ಬ್ಲ್ಯಾಕ್‌ಲೈವ್ಸ್‌ಮ್ಯಾಟರ್ ಅಂತ ಹ್ಯಾಷ್‌ಟ್ಯಾಗ್ ಹಾಕಿದರು, ಓಪಲ್ ಟೊಮೆಟಿ ಜೊತೆಗೂಡಿದರು. ಆಮೇಲೆ? ಸುಮಾರು ಒಂದು ವರ್ಷ ಹೆಚ್ಚೇನೂ ಆಗಲಿಲ್ಲ. ಡೀನ್ ಫ್ರೀಲಾನ್, ಚಾರ್ಲ್ಟನ್ ಮೆಕ್‌ಇಲ್ವೇನ್, ಮೆರೆಡಿತ್ ಕ್ಲಾರ್ಕ್ 4 ಕೋಟಿಗೂ ಹೆಚ್ಚು ಟ್ವೀಟ್ ಜಾಲಾಡಿ 2016ರಲ್ಲಿ ಕೊಟ್ಟ ಲೆಕ್ಕ ನೋಡಿ. 2014ರ ಜೂನ್‌ನಲ್ಲಿ ಈ ಹ್ಯಾಷ್‌ಟ್ಯಾಗ್ ಇದ್ದ ಸಾರ್ವಜನಿಕ ಟ್ವೀಟ್ 48. ಜುಲೈನಲ್ಲಿ 398. ಆಗಸ್ಟ್‌ನಲ್ಲಿ, ಅಂದರೆ ಫರ್ಗುಸನ್ ತಿಂಗಳಲ್ಲಿ, 52,288.

"ಹ್ಯಾಷ್‌ಟ್ಯಾಗ್ ಜನರನ್ನು ಬೀದಿಗೆ ತಂದಿತು" ಅಂತ ಯಾರಾದರೂ ಬರೆದುಕೊಂಡು ಬಂದರೆ ಈ ಮೂರು ಅಂಕಿ ತೋರಿಸುತ್ತೇನೆ. ಜನ ಬೀದಿಗೆ ಬಂದ ಮೇಲೆ ಹ್ಯಾಷ್‌ಟ್ಯಾಗಿಗೆ ಜೀವ ಬಂತು.

ಎದುರಿನ ಹ್ಯಾಷ್‌ಟ್ಯಾಗ್‌ಗಳಿಗೂ ಹೀಗೇ ಜಾತಕ ಬರೆಯಬೇಕು. 'ಆಲ್ ಲೈವ್ಸ್ ಮ್ಯಾಟರ್' (ಎಲ್ಲರ ಜೀವಕ್ಕೂ ಬೆಲೆಯಿದೆ) ಬರೀ ಉತ್ತರವಾಗಿ ಹುಟ್ಟಿದ್ದು. 'ಬ್ಲೂ ಲೈವ್ಸ್ ಮ್ಯಾಟರ್' (ಬ್ಲೂ ಅಂದರೆ ನೀಲಿ ಸಮವಸ್ತ್ರದ ಪೊಲೀಸರು) ಹಾಗಲ್ಲ, ಅದಕ್ಕೂ ಸಾವಿನ ಹಿನ್ನೆಲೆಯಿದೆ. 2014ರ ಡಿಸೆಂಬರ್ 20ರಂದು ನ್ಯೂಯಾರ್ಕ್‌ನಲ್ಲಿ ಗಸ್ತಿನ ಕಾರಿನಲ್ಲಿ ಕೂತಿದ್ದ ಇಬ್ಬರು ಪೊಲೀಸರನ್ನು ಒಬ್ಬ ಗುಂಡಿಟ್ಟು ಕೊಂದ ಮೇಲೆ ಅದು ದೊಡ್ಡದಾಯಿತು. 2016ರ ಮೇ ತಿಂಗಳಲ್ಲಿ ಲೂಸಿಯಾನಾ ರಾಜ್ಯ ಅದೇ ಹೆಸರಿನಲ್ಲಿ ಗುರುತಿಸಲಾಗುವ ಕಾನೂನನ್ನೇ ತಂದಿತು, ಪೊಲೀಸರ ಮೇಲಿನ ದಾಳಿಯನ್ನು ದ್ವೇಷಾಪರಾಧದ ಪಟ್ಟಿಗೆ ಸೇರಿಸಿತು. ಇತ್ತ, ಫ್ಲಾಯ್ಡ್ ಹೆಸರಿನ ಪೊಲೀಸ್ ಸುಧಾರಣಾ ಮಸೂದೆ 2020 ಮತ್ತು 2021ರಲ್ಲಿ ಎರಡು ಸಲ ಕೆಳಮನೆ ದಾಟಿಯೂ ಸೆನೆಟ್‌ನಲ್ಲಿ ನಿಂತುಹೋಯಿತು. ಫ್ಲಾಯ್ಡ್ ಸತ್ತ ಮರುದಿನದಿಂದ ಜೂನ್ 7ರವರೆಗೆ ಚಳವಳಿಯ ಹ್ಯಾಷ್‌ಟ್ಯಾಗ್ ಸುಮಾರು 4.78 ಕೋಟಿ ಸಲ ಬಳಕೆಯಾಗಿತ್ತು ಅಂತ ಪ್ಯೂ ಸಂಶೋಧನಾ ಸಂಸ್ಥೆ ಎಣಿಸಿದೆ. ಟ್ರೆಂಡಿಂಗ್ ಅಂಕಿ ನೋಡಿ ಯಾರು ಗೆಲ್ಲುತ್ತಿದ್ದಾರೆ ಅಂತ ಬರೆಯಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಅಂದಹಾಗೆ, ಇಂಥ ಎಣಿಕೆ ಈಗ ಮೊದಲಿನಷ್ಟು ಸುಲಭವಲ್ಲ. ಟ್ವಿಟರ್ 2023ರಲ್ಲಿ ಸಂಶೋಧಕರಿಗಿದ್ದ ಉಚಿತ ದಾರಿ ಮುಚ್ಚಿತು. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ, ಯಾವ ಪೋಸ್ಟ್ ಎಷ್ಟು ಹರಡಿತು ಅಂತ ತೋರಿಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಅನ್ನುವ ಸಾಧನವನ್ನು 2024ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಆಮೇಲಿನ ಚಂದದ ಗ್ರಾಫ್‌ಗಳನ್ನು ಕಂಡರೆ, ಅಂಕಿ ಎಲ್ಲಿಂದ ತಂದಿರಿ ಅಂತ ಕೇಳುವುದು ಒಳ್ಳೆಯದು.

ವಿಡಿಯೊ ಎಲ್ಲಿಂದ ಶುರುವಾಗುತ್ತದೆ

ವಿಡಿಯೊ ಬಂದರೆ ಅದರ ಉದ್ದನೆಯ ರೂಪ ಹುಡುಕಿ. ಮೊದಲ ಸೆಕೆಂಡಿಗೆ ಮುಂಚೆ ಏನಾಯಿತು, ಕೊನೆಯ ಸೆಕೆಂಡಿನ ನಂತರ ಏನಾಯಿತು, ಎರಡನ್ನೂ ಕೇಳಿ. ಕತ್ತರಿ ಆಡಿಸುವವರು ಎರಡೂ ಕಡೆ ಇದ್ದಾರೆ. ಆದರೆ ಪೊಲೀಸರ ಪ್ರಕಟಣೆಗೂ ಇದೇ ಪ್ರಶ್ನೆ ಹಾಕಬೇಕು, ಅದನ್ನು ಜನ ಮರೆಯುತ್ತಾರೆ.

ಫ್ಲಾಯ್ಡ್ ಸತ್ತಾಗ ಮಿನಿಯಾಪೊಲಿಸ್ ಪೊಲೀಸರು ಕೊಟ್ಟ ಮೊದಲ ಪ್ರಕಟಣೆ, ಪೊಲೀಸರ ಜೊತೆಗಿನ ಮುಖಾಮುಖಿ ವೇಳೆ 'ವೈದ್ಯಕೀಯ ಘಟನೆ'ಯಿಂದ ವ್ಯಕ್ತಿ ಸತ್ತಿದ್ದಾನೆ ಎಂದಿತ್ತು. ಪೊಲೀಸನೊಬ್ಬ ಅವನ ಕುತ್ತಿಗೆಯ ಮೇಲೆ ಮೊಣಕಾಲೂರಿದ ಮಾತೇ ಇರಲಿಲ್ಲ. ಆ ರಾತ್ರಿ ನಮ್ಮಂಥ ಡೆಸ್ಕಿಗೆ ಅದೊಂದೇ ಬಂದಿದ್ದರೆ ಒಳಪುಟದಲ್ಲೂ ಜಾಗ ಸಿಗುತ್ತಿರಲಿಲ್ಲ. 17 ವರ್ಷದ ಡಾರ್ನೆಲ್ಲಾ ಫ್ರೇಜಿಯರ್ ಪಕ್ಕದಲ್ಲೇ ನಿಂತು ಫೋನಿನಲ್ಲಿ ಚಿತ್ರೀಕರಿಸಿ, ಫೇಸ್‌ಬುಕ್‌ಗೆ ಹಾಕಿದ್ದರಿಂದ ಲೋಕಕ್ಕೆ ಗೊತ್ತಾಯಿತು. ಮೊಣಕಾಲು ಕುತ್ತಿಗೆಯ ಮೇಲಿದ್ದದ್ದು 9 ನಿಮಿಷ 29 ಸೆಕೆಂಡು ಅಂತ ವಿಚಾರಣೆಯಲ್ಲಿ ಹೇಳಲಾಯಿತು. ಮೊಣಕಾಲೂರಿದ ಪೊಲೀಸ್ ಡೆರೆಕ್ ಶಾವಿನ್‌ಗೆ 22 ವರ್ಷ 6 ತಿಂಗಳ ಶಿಕ್ಷೆಯಾಯಿತು. ಫ್ರೇಜಿಯರ್‌ಗೆ 2021ರಲ್ಲಿ ಪುಲಿಟ್ಜರ್ ಮಂಡಳಿಯ ವಿಶೇಷ ಗೌರವ ಸಿಕ್ಕಿತು.

ಇದರ ಪಕ್ಕದಲ್ಲೇ ಫರ್ಗುಸನ್ ಇಡಬೇಕು. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಕಲಿಯಲು ಅತಿ ಹೆಚ್ಚು ಸಿಗುವುದು ಇಲ್ಲೇ.

ಮೈಕಲ್ ಬ್ರೌನ್ ಕೈ ಎತ್ತಿ ಶರಣಾಗುತ್ತಿದ್ದಾಗ ಗುಂಡು ಹಾರಿಸಿದರು ಅನ್ನುವ ಮಾತು ಹರಡಿತು. 'ಕೈ ಎತ್ತಿದ್ದೇನೆ, ಗುಂಡು ಹಾರಿಸಬೇಡಿ' ಘೋಷಣೆಯಾಯಿತು, ಹ್ಯಾಷ್‌ಟ್ಯಾಗಾಯಿತು, ಫುಟ್‌ಬಾಲ್ ಆಟಗಾರರು ಮೈದಾನಕ್ಕೆ ಕೈ ಎತ್ತಿಕೊಂಡೇ ಬಂದರು. 2015ರ ಮಾರ್ಚ್ 4ರಂದು ಅಮೆರಿಕದ ನ್ಯಾಯ ಇಲಾಖೆ ಎರಡು ವರದಿ ಬಿಡುಗಡೆ ಮಾಡಿತು. ಒಂದು ವರದಿ, ನಂಬಬಹುದಾದ ಸಾಕ್ಷ್ಯ ಆ ಮಾತಿಗೆ ಬೆಂಬಲ ಕೊಡುವುದಿಲ್ಲ, ಪೊಲೀಸ್ ಅಧಿಕಾರಿಯ ಮೇಲೆ ಕೇಸು ಹಾಕುವಂತಿಲ್ಲ ಎಂದಿತು. ಇನ್ನೊಂದು, ಅದೇ ಊರಿನ ಪೊಲೀಸ್ ಇಲಾಖೆ ಕಪ್ಪು ಜನರ ಹಕ್ಕುಗಳನ್ನು ವರ್ಷಗಟ್ಟಲೆ ತುಳಿದಿದೆ ಎಂದಿತು. ಊರಿನ ಜನಸಂಖ್ಯೆಯಲ್ಲಿ ಅವರ ಪಾಲು ಶೇ 67, ಬಂಧನಗಳಲ್ಲಿ ಶೇ 93. ನಗರಾಡಳಿತದ ಖಜಾನೆ ತುಂಬಿಸಲು ದಂಡ ಹಾಕುತ್ತಿದ್ದರು ಅನ್ನುವುದೂ ಅದರಲ್ಲೇ ಇತ್ತು.

ಒಂದೇ ದಿನ, ಒಂದೇ ಇಲಾಖೆ, ಎರಡು ವರದಿ. ಇವತ್ತಿಗೂ ಒಂದು ಕಡೆಯವರು ಮೊದಲನೆಯದನ್ನು ಮಾತ್ರ ಹಂಚುತ್ತಾರೆ: ನೋಡಿ, ಎಲ್ಲ ಸುಳ್ಳಿನ ಮೇಲೆ ಕಟ್ಟಿದ್ದು. ಇನ್ನೊಂದು ಕಡೆಯವರು ಎರಡನೆಯದನ್ನು ಮಾತ್ರ. ಎರಡೂ ನಿಜ. ಹಾಗಾಗಿ ಯಾರಾದರೂ ಸರ್ಕಾರಿ ವರದಿಯ ಒಂದು ಪುಟ ಕಳಿಸಿದರೆ, ಅದೇ ವಾರ ಅದೇ ಕಚೇರಿಯಿಂದ ಬೇರೇನು ಬಂತು ಅಂತ ಹುಡುಕುವುದನ್ನು ಅಭ್ಯಾಸ ಮಾಡಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಮಾತಾಡುತ್ತಿರುವವರು ಯಾರು

ಖಾತೆ ಯಾವಾಗ ತೆರೆದದ್ದು, ಮೊದಲು ಏನು ಬರೆಯುತ್ತಿತ್ತು, ಹೆಸರು ಬದಲಾಗಿದೆಯಾ ನೋಡಿ. ಫೇಸ್‌ಬುಕ್ ಪೇಜಿನಲ್ಲಿ 'ಪೇಜ್ ಟ್ರಾನ್ಸ್‌ಪರೆನ್ಸಿ' ಒತ್ತಿದರೆ ಹಳೆಯ ಹೆಸರುಗಳು, ಎಷ್ಟೋ ಸಲ ನಡೆಸುವವರು ಯಾವ ದೇಶದಲ್ಲಿದ್ದಾರೆ ಅನ್ನುವುದೂ ಸಿಗುತ್ತದೆ.

ಸುಮ್ನೆ ಹೇಳುತ್ತಿಲ್ಲ. 2016ರ ಸುಮಾರಿಗೆ 'ಬ್ಲ್ಯಾಕ್ಟಿವಿಸ್ಟ್' ಅನ್ನುವ ಫೇಸ್‌ಬುಕ್ ಪೇಜ್ ಚಳವಳಿಯ ಅಸಲಿ ಪೇಜಿಗಿಂತ ಜಾಸ್ತಿ ಲೈಕ್ ಗಳಿಸಿತ್ತು. ನಡೆಸುತ್ತಿದ್ದದ್ದು ಸುಳ್ಳು ಖಾತೆಗಳನ್ನು ನಡೆಸುವುದೇ ಕೆಲಸವಾಗಿದ್ದ ರಷ್ಯಾದ ಇಂಟರ್ನೆಟ್ ರಿಸರ್ಚ್ ಏಜೆನ್ಸಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೂತು. ಪೊಲೀಸರ ಪರವಾದ 'ಬ್ಯಾಕ್ ದ ಬ್ಯಾಡ್ಜ್' ಪೇಜ್ ನಡೆಸುತ್ತಿದ್ದವರೂ ಅವರೇ! ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2016ರ ಗುಂಡಿನ ಘಟನೆಗಳ ಟ್ವೀಟ್‌ಗಳಲ್ಲಿ ಯಾರು ಯಾರನ್ನು ರೀಟ್ವೀಟ್ ಮಾಡಿದರು ಅಂತ ನಕ್ಷೆ ಬರೆದರು. ಎರಡು ದೊಡ್ಡ ಗುಂಪು ಕಂಡವು, ಚಳವಳಿಯ ಪರ ಮತ್ತು ವಿರೋಧ. ಆ ಏಜೆನ್ಸಿಯ ಖಾತೆಗಳು ಎರಡರ ಒಳಗೂ ಇದ್ದವು.

ಇದನ್ನೇ ಹಿಡಿದು "ಇಡೀ ಚಳವಳಿಯೇ ರಷ್ಯಾದ್ದು" ಅನ್ನುವವರಿದ್ದಾರೆ. ಅದು ತಲೆಕೆಳಗಾದ ವಾದ. ಚಳವಳಿ ಅಸಲಿ ಇದ್ದದ್ದಕ್ಕೇ, ದೊಡ್ಡದಿದ್ದದ್ದಕ್ಕೇ ಅದರ ವೇಷ ಹಾಕಿದರು. ಆ ಏಜೆನ್ಸಿ ಅತಿ ಹೆಚ್ಚು ಗುರಿಮಾಡಿದ್ದು ಕಪ್ಪು ವರ್ಣೀಯ ಅಮೆರಿಕನ್ನರನ್ನೇ ಅಂತ ಸೆನೆಟ್‌ನ ಗುಪ್ತಚರ ಸಮಿತಿ 2019ರಲ್ಲಿ ಹೇಳಿತು. ಸಿಟ್ಟಿನ ಪೋಸ್ಟ್ ಎಲ್ಲ ನಕಲಿ ಅಂತಲೂ ತಿಳಿಯಬೇಡಿ. ಆ ಖಾತೆಗಳ ಎಷ್ಟೋ ಪೋಸ್ಟ್ ಹೆಮ್ಮೆಯವು, ಚರಿತ್ರೆಯವು, ನೋಡಲು ತೀರಾ ಸಭ್ಯ. ನಂಬಿಕೆ ಗಳಿಸಿದ ಮೇಲೆ ವೋಟು ಹಾಕಬೇಡಿ ಅನ್ನುವ ಸಲಹೆ ಬರುತ್ತಿತ್ತು. ಅದಕ್ಕೇ ದನಿ ನೋಡುವ ಬದಲು, ಪೋಸ್ಟ್ ನಿಮ್ಮಿಂದ ಕೊನೆಗೆ ಏನು ಮಾಡಿಸಬೇಕು ಅಂತಿದೆ ಅನ್ನುವುದನ್ನು ನೋಡಿ.

ವೇಷ ಹಾಕಲು ವಿದೇಶಿಯರೇ ಬೇಕಿಲ್ಲ. ಟೆನೆಸಿಯ ಮೆಂಫಿಸ್ ಪೊಲೀಸರು 'ಬಾಬ್ ಸ್ಮಿತ್' ಅನ್ನುವ ಸುಳ್ಳು ಫೇಸ್‌ಬುಕ್ ಖಾತೆ ಇಟ್ಟುಕೊಂಡು ಹೋರಾಟಗಾರರ ಗೆಳೆತನ ಮಾಡಿದ್ದರು. ಇಂಥ ಗೂಢಚರ್ಯೆ ಮಾಡುವುದಿಲ್ಲ ಅಂತ ನಗರ 1978ರಲ್ಲೇ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತ್ತು, ಅದನ್ನು ಮುರಿದಿದೆ ಅಂತ 2018ರಲ್ಲಿ ತೀರ್ಪಾಯಿತು. ಎದುರು ಪಾಳಯದ್ದೂ ಬಯಲಾಗಿದೆ. 2017ರ ಆಗಸ್ಟ್‌ನಲ್ಲಿ ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯ ಜನಾಂಗವಾದಿಗಳು ಸೇರುವ ಮೊದಲು ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ನಲ್ಲಿ ಆಡಿದ ಮಾತು ಸೋರಿಕೆಯಾಗಿ, ಅವರ ಮೇಲಿನ ಪರಿಹಾರದ ಮೊಕದ್ದಮೆಯಲ್ಲಿ ಸಾಕ್ಷ್ಯವಾಯಿತು. ಮುಚ್ಚಿದ ಗುಂಪು ಅಂತ ಬೋರ್ಡ್ ಇದ್ದರೆ ಮುಚ್ಚಿದೆ ಅಂತ ಅರ್ಥವಲ್ಲ.

ಬಸ್ ಬಂತು ಬಸ್

ವದಂತಿ ಬೀದಿಗೆ ಇಳಿಯುವ ಬಗೆ ತಿಳಿಯಬೇಕಾದರೆ 2020ರ ಜೂನ್ ಮೊದಲ ವಾರ ನೋಡಿ. ಮೇ 31ರಂದು ಆಂಟಿಫಾ ಅಂತ ಕರೆಸಿಕೊಳ್ಳುವ ಎಡಪಂಥೀಯ ಗುಂಪುಗಳ ಹೆಸರಿನಲ್ಲಿ ಒಂದು ಟ್ವಿಟರ್ ಖಾತೆ, ಈ ರಾತ್ರಿ ಬಿಳಿಯರ ಬಡಾವಣೆಗಳಿಗೆ ನುಗ್ಗುತ್ತೇವೆ ಅನ್ನುವ ಅರ್ಥದಲ್ಲಿ ಬರೆಯಿತು. ಅದನ್ನು ನಡೆಸುತ್ತಿದ್ದದ್ದು ಐಡೆಂಟಿಟಿ ಎವ್ರೋಪಾ ಅನ್ನುವ ಬಿಳಿಯ ಜನಾಂಗವಾದಿ ಗುಂಪಿಗೆ ಸೇರಿದವರು ಅಂತ ಟ್ವಿಟರ್ ಹೇಳಿ ಖಾತೆ ತೆಗೆಯಿತು. ಅಷ್ಟರಲ್ಲಿ ಸಣ್ಣ ಸಣ್ಣ ಊರುಗಳ ಫೇಸ್‌ಬುಕ್ ಗುಂಪುಗಳಲ್ಲಿ 'ಆಂಟಿಫಾದವರು ಬಸ್ಸಿನಲ್ಲಿ ಬರುತ್ತಿದ್ದಾರೆ' ಅನ್ನುವ ಸುದ್ದಿ ಓಡಾಡುತ್ತಿತ್ತು.

ಜೂನ್ 3ರಂದು ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಕಾಡಂಚಿನ ಊರಿಗೆ ಒಂದು ಬಸ್ ನಿಜವಾಗಿಯೂ ಬಂತು. ಹಳೇ ಶಾಲಾ ಬಸ್ಸನ್ನು ಕ್ಯಾಂಪಿಂಗ್‌ಗೆ ಮಾರ್ಪಡಿಸಿಕೊಂಡಿದ್ದ ಒಂದು ಕುಟುಂಬ: ಗಂಡ, ಹೆಂಡತಿ, ಹದಿಹರೆಯದ ಮಗಳು, ಅಜ್ಜಿ. ಸಾಮಾನು ಕೊಳ್ಳಲು ಅಂಗಡಿ ಮುಂದೆ ನಿಲ್ಲಿಸಿದರು. ಜನ ಸುತ್ತುವರಿದು, ನೀವು ಆಂಟಿಫಾದವರಾ ಅಂತ ಕೇಳಿದರು. ಹೊರಟರೆ ಹಿಂದೆಯೇ ವಾಹನಗಳು ಬಂದವು. ಕಾಡಿನ ದಾರಿಯಲ್ಲಿ ಕ್ಯಾಂಪ್ ಹಾಕಿದಾಗ ಬಂದೂಕು, ಗರಗಸದ ಸದ್ದು ಕೇಳಿಸಿತು. ವಾಪಸ್ ಹೋಗೋಣ ಅಂದರೆ ದಾರಿಗೆ ಅಡ್ಡಲಾಗಿ ಮರ ಕಡಿದು ಕೆಡವಿದ್ದರು. ಕೊನೆಗೆ ಅದೇ ಊರಿನ ಕೆಲವು ಹೈಸ್ಕೂಲ್ ಹುಡುಗರು ಗರಗಸ ತಂದು ಮರ ತುಂಡರಿಸಿ ದಾರಿ ಬಿಡಿಸಿದರು.

ಆ ಊರಿನವರು ಕೆಟ್ಟವರು ಅಂತ ಮುಗಿಸಿಬಿಡುವುದು ಸುಲಭ. ವಾರವಿಡೀ 'ಬಸ್' 'ಬಸ್' ಅಂತ ಓದಿದವರ ಮುಂದೆ ಬಸ್ ಬಂದು ನಿಂತಿತು. ವದಂತಿಯಲ್ಲಿ ಗುರುತಿಸಲು ಸುಲಭವಾದ ಒಂದು ವಸ್ತು ಇದ್ದರೆ, ವಾಹನದ ಬಣ್ಣ, ಟೋಪಿ, ಬಟ್ಟೆ, ಏನೇ ಇರಲಿ, ಅದು ಜಾಸ್ತಿ ಅಪಾಯಕಾರಿ. ಅಂಥದ್ದನ್ನು ನಮ್ಮ ಡೆಸ್ಕಿನಲ್ಲಿ 'ಹೀಗೆಂದು ಹೇಳಲಾಗುತ್ತಿದೆ' ಅಂತಲೂ ಹಾಕುವುದಿಲ್ಲ.

ಎರಡೂವರೆ ತಿಂಗಳ ನಂತರ ವಿಸ್ಕಾನ್ಸಿನ್‌ನ ಕೆನೋಶಾದಲ್ಲಿ, ಆಯುಧ ಹಿಡಿದು ಊರು ಕಾಯಲು ಬನ್ನಿ ಅನ್ನುವ ಫೇಸ್‌ಬುಕ್ ಕಾರ್ಯಕ್ರಮದ ಪುಟವನ್ನು ಜನ ನೂರಾರು ಸಲ ರಿಪೋರ್ಟ್ ಮಾಡಿದ್ದರು. ಅದು ಹಾಗೇ ಉಳಿಯಿತು. ಆಗಸ್ಟ್ 25ರ ರಾತ್ರಿ ಅಲ್ಲಿ ಇಬ್ಬರು ಗುಂಡಿಗೆ ಸತ್ತರು. ಗುಂಡು ಹಾರಿಸಿದವನು ಆ ಪುಟ ನೋಡಿಯೇ ಬಂದ ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ ಅಂತ ಫೇಸ್‌ಬುಕ್ ಹೇಳಿತು. ಪುಟವನ್ನು ಮೊದಲೇ ತೆಗೆಯದಿದ್ದದ್ದು ಕಾರ್ಯಾಚರಣೆಯ ತಪ್ಪು ಅಂತ ಝುಕರ್‌ಬರ್ಗ್ ಒಪ್ಪಿಕೊಂಡರು. ಆತ್ಮರಕ್ಷಣೆಯ ವಾದ ಒಪ್ಪಿ ಜ್ಯೂರಿ ಅವನನ್ನು 2021ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು.

ಬೆಂಬಲ ಕೊಡುವವರಿಗೆ

ಸಹಾಯ ಮಾಡಲು ಹೋಗಿ ಅಡ್ಡ ಬರಬೇಡಿ. 2020ರ ಜೂನ್ 2ರಂದು ಲಕ್ಷಾಂತರ ಜನ ಇನ್‌ಸ್ಟಾಗ್ರಾಮ್‌ನಲ್ಲಿ ಬರೀ ಕಪ್ಪು ಚೌಕ ಹಾಕಿದರು. ಅದಕ್ಕೆ ಚಳವಳಿಯ ಮುಖ್ಯ ಹ್ಯಾಷ್‌ಟ್ಯಾಗೂ ಸೇರಿಸಿದರು. ವಕೀಲರ ನಂಬರ್, ಜಾಮೀನು ನಿಧಿ, ಪ್ರತಿಭಟನೆಯ ಜಾಗ ಹುಡುಕುವವರಿಗೆ ಕಂಡದ್ದು ಸಾಲುಸಾಲು ಕಪ್ಪು. ಚಳವಳಿಯವರೇ ಹ್ಯಾಷ್‌ಟ್ಯಾಗ್ ತೆಗೆಯಿರಿ ಅಂತ ಬೇಡಿಕೊಳ್ಳಬೇಕಾಯಿತು. ಮಜಾ ಅಂದರೆ ಅದೇ ವಾರ ಕೆ-ಪಾಪ್ ಅಭಿಮಾನಿಗಳು #ವೈಟ್‌ಲೈವ್ಸ್‌ಮ್ಯಾಟರ್ ತುಂಬಾ ತಮ್ಮ ಗಾಯಕರ ಕುಣಿತ ಸುರಿದು, ಅದನ್ನು ಹೀಗೇ ಕೆಲಸಕ್ಕೆ ಬಾರದಂತೆ ಮಾಡಿದ್ದರು. ಒಂದೇ ತಂತ್ರ. ಒಬ್ಬರು ಬೇಕಂತ ಮಾಡಿದರು, ಇನ್ನೊಬ್ಬರು ಗೊತ್ತಿಲ್ಲದೆ.

ದುಡ್ಡು ಕೊಡುವ ಮೊದಲು ಸಂಸ್ಥೆಯ ನೋಂದಣಿ ನೋಡಿ, ಹೆಸರು ನೋಡಿ ನಂಬಬೇಡಿ. ಸುಮಾರು 7 ಲಕ್ಷ ಜನ ಫಾಲೋ ಮಾಡುತ್ತಿದ್ದ, ಚಳವಳಿಯ ಹೆಸರಿನದೇ ಫೇಸ್‌ಬುಕ್ ಪೇಜಿನ ಹಿಂದೆ ಆಸ್ಟ್ರೇಲಿಯಾದ ಬಿಳಿಯನೊಬ್ಬ ಇದ್ದ ಅಂತ 2018ರಲ್ಲಿ ಬಯಲಾಯಿತು. 2020ರಲ್ಲಿ ಕ್ಯಾಲಿಫೋರ್ನಿಯಾದ, ಹೆಸರು ಬಿಟ್ಟರೆ ಚಳವಳಿಗೆ ಸಂಬಂಧವೇ ಇಲ್ಲದ ಒಂದು ಪ್ರತಿಷ್ಠಾನದ ಹೆಸರಿಗೆ ಜನ ಲಕ್ಷಾಂತರ ಡಾಲರ್ ಹಾಕಿದ್ದರು.

ಫೋಟೊದಲ್ಲಿರುವ ಮುಖಕ್ಕೆ ಹೆಸರು ಹುಡುಕುವ ಆಟಕ್ಕೆ ಹೋಗಲೇಬೇಡಿ. ಶಾರ್ಲಟ್ಸ್‌ವಿಲ್ ಪಂಜಿನ ಮೆರವಣಿಗೆಯಲ್ಲಿದ್ದವನು ಇವನೇ ಅಂತ ನೆಟ್ಟಿಗರು ಅರ್ಕಾನ್ಸಾದ ಒಬ್ಬ ಪ್ರಾಧ್ಯಾಪಕರನ್ನು ಹಿಡಿದರು. ಆ ರಾತ್ರಿ ಅವರು ತಮ್ಮ ರಾಜ್ಯದಲ್ಲೇ ಹೆಂಡತಿಯ ಜೊತೆ ಕಲಾ ಸಂಗ್ರಹಾಲಯದಲ್ಲಿದ್ದರು. ಬೈಗುಳ ತಾಳದೆ ಮನೆ ಬಿಟ್ಟು ಗೆಳೆಯರ ಮನೆಯಲ್ಲಿ ಉಳಿಯಬೇಕಾಯಿತು.

ಗದ್ದಲ ಇಳಿದ ಮೇಲೆ

ನಿಜವಾದ ಓದು ಶುರುವಾಗುವುದು ಟ್ರೆಂಡಿಂಗ್ ಮುಗಿದ ಮೇಲೆ. ಪ್ಯೂ ಸಮೀಕ್ಷೆಯಲ್ಲಿ 2020ರ ಜೂನ್‌ನಲ್ಲಿ ಶೇ 67 ಅಮೆರಿಕನ್ ವಯಸ್ಕರು ಚಳವಳಿಯನ್ನು ಬೆಂಬಲಿಸಿದ್ದರು. ಸೆಪ್ಟೆಂಬರ್‌ಗೆ ಅದು ಶೇ 55, 2023ರಲ್ಲಿ ಶೇ 51. ವಿರೋಧದವರು ಈ ತಣ್ಣನೆಯ ತಿಂಗಳುಗಳನ್ನು ಚೆನ್ನಾಗಿ ಬಳಸಿಕೊಂಡರು. ಕಾನೂನು ಕಾಲೇಜುಗಳ ಒಳಗೆ ದಶಕಗಳಿಂದ ಇದ್ದ 'ಕ್ರಿಟಿಕಲ್ ರೇಸ್ ಥಿಯರಿ' (ಜನಾಂಗಭೇದ ಕಾನೂನು, ವ್ಯವಸ್ಥೆಯಲ್ಲೇ ಬೇರೂರಿದೆ ಅನ್ನುವ ಸಿದ್ಧಾಂತ) ಅನ್ನುವ ಹೆಸರನ್ನು ಬಲಪಂಥೀಯ ಪ್ರಚಾರಕ ಕ್ರಿಸ್ಟೊಫರ್ ರೂಫೊ 2020ರಲ್ಲಿ ಟಿವಿಗೆ ತಂದರು. ಜನಕ್ಕೆ ಇಷ್ಟವಾಗದ್ದೆಲ್ಲ ಆ ಒಂದೇ ಹೆಸರಿನಡಿ ಬರುವಂತೆ ಮಾಡುವುದೇ ತಮ್ಮ ಗುರಿ ಅಂತ 2021ರ ಮಾರ್ಚ್‌ನಲ್ಲಿ ಟ್ವಿಟರ್‌ನಲ್ಲೇ ಬಿಚ್ಚಿ ಹೇಳಿದರು. ಅದೇ ವರ್ಷ ಹಲವು ರಾಜ್ಯಗಳು ಶಾಲೆಯಲ್ಲಿ ಜನಾಂಗದ ಬಗ್ಗೆ ಏನು ಕಲಿಸಬಾರದು ಅಂತ ಕಾನೂನು ಮಾಡಿದವು. ಎದುರಿನ ಟ್ಯಾಬ್ ಮುಚ್ಚಿದ್ದವರಿಗೆ ಅದು ದಿಢೀರ್ ಬಂದ ಹಾಗೆ ಕಂಡಿತು.

ಹಾಗಾಗಿ ಹ್ಯಾಷ್‌ಟ್ಯಾಗಿನ ಜೊತೆ ಒಂದು ಸುದ್ದಿ ಅಲರ್ಟ್ ಇಟ್ಟುಕೊಳ್ಳಿ. ಅದರಲ್ಲಿ ಸತ್ತವರ ಹೆಸರಿನ ಬದಲು ಊರಿನ ಹೆಸರು, ಪಕ್ಕದಲ್ಲಿ 'ಕನ್ಸೆಂಟ್ ಡಿಕ್ರಿ' ಅಂತ ಹಾಕಿ. ಪೊಲೀಸ್ ಇಲಾಖೆಯನ್ನು ನ್ಯಾಯಾಲಯದ ಕಣ್ಗಾವಲಿನಲ್ಲಿ ಸುಧಾರಿಸುವ ಒಪ್ಪಂದಕ್ಕೆ ಅಮೆರಿಕದಲ್ಲಿರುವ ಹೆಸರು ಅದು. ಮಿನಿಯಾಪೊಲಿಸ್ 2025ರ ಜನವರಿಯಲ್ಲಿ ಕೇಂದ್ರ ನ್ಯಾಯ ಇಲಾಖೆಯ ಜೊತೆ ಅಂಥ ಒಪ್ಪಂದ ಮಾಡಿಕೊಂಡಿತ್ತು. ಸರ್ಕಾರ ಬದಲಾದ ಮೇಲೆ, ಫ್ಲಾಯ್ಡ್ ಸತ್ತು ಐದು ವರ್ಷ ತುಂಬುವ ವಾರದಲ್ಲೇ, ಅದೇ ಇಲಾಖೆ ಅದನ್ನು ಕೈಬಿಡಲು ಕೇಳಿತು. ನ್ಯಾಯಾಲಯ ಆ ತಿಂಗಳೇ ಕೈಬಿಟ್ಟಿತು. ಮಿನ್ನೆಸೋಟ ರಾಜ್ಯದ ಮಾನವ ಹಕ್ಕು ಇಲಾಖೆಯ ಜೊತೆಗಿನ ಇನ್ನೊಂದು ಒಪ್ಪಂದ ಹಾಗೇ ಉಳಿದಿತ್ತು. ಈ ಸುದ್ದಿ ನನ್ನ ಎರಡು ಟ್ಯಾಬ್‌ಗಿಂತ ಮೊದಲು ಅಲರ್ಟ್‌ನಲ್ಲೇ ಬಂತು.